ಮುನ್ನುಡಿ ಆಮೇಲೆ, ಮೊದಲು ತಿದ್ದುಪಡಿ: ಮೊದಲ ಕಥಾಸಂಕಲನವನ್ನು ಹಸ್ತಪ್ರತಿಯಿಂದ ಪುಸ್ತಕದವರೆಗೆ ಒಯ್ಯುವ ಸಮಗ್ರ ಮಾರ್ಗದರ್ಶಿ

ಸಣ್ಣ ಪ್ರಕಾಶನಗಳಿಗೆ ಹಸ್ತಪ್ರತಿ ಓದಿಕೊಡುವುದು, ಕರಡು ತಿದ್ದುವುದು ನನ್ನ ಕೆಲಸ. ಮೇಜಿಗೆ ಬರುವ ಮೊದಲ ಸಂಕಲನಗಳಲ್ಲಿ ಒಂದು ವಿಚಿತ್ರ ಮತ್ತೆ ಮತ್ತೆ ಕಾಣುತ್ತದೆ. ಮುನ್ನುಡಿ ಸಿದ್ಧವಾಗಿರುತ್ತದೆ. ಬೆನ್ನುಡಿಯೂ ಸಿದ್ಧ. ಮುಖಪುಟದ ಚಿತ್ರವನ್ನು ಗೆಳೆಯರೊಬ್ಬರು ಬರೆದುಕೊಟ್ಟಿರುತ್ತಾರೆ. ಬಿಡುಗಡೆಗೆ ಯಾರನ್ನು ಕರೆಯುವುದು ಅನ್ನುವುದೂ ತೀರ್ಮಾನವಾಗಿರುತ್ತದೆ. ಕತೆಗಳನ್ನು ಮಾತ್ರ ಬರೆದವರೇ ಎರಡನೇ ಸಲ ಓದಿರುವುದಿಲ್ಲ.

ಕ್ರಮ ತಲೆಕೆಳಗಾದರೆ ಏನು ನಷ್ಟ ಅಂತ ಕೇಳಬಹುದು. ಮುನ್ನುಡಿಯಲ್ಲಿ ಹಿರಿಯರು ಹೊಗಳಿದ ಕತೆಯನ್ನು ಆಮೇಲೆ ಸಂಕಲನದಿಂದ ತೆಗೆಯೋಕೆ ಕೈ ಬರುವುದಿಲ್ಲ. ಪುಟ ಕಟ್ಟಿಸಿದ ಮೇಲೆ ಒಂದು ಪ್ಯಾರಾ ಹೊಡೆದುಹಾಕಿದರೆ ಮುಂದಿನ ಪುಟಗಳೆಲ್ಲ ಜರುಗುತ್ತವೆ, ಪರಿವಿಡಿ ತಪ್ಪುತ್ತದೆ. ಪ್ರಕಾಶಕರಿಗೆ ಒಮ್ಮೆ ಹಸಿ ಪ್ರತಿ ಹೋಯಿತೆಂದರೆ, ಎರಡನೇ ಸಲ ಅದೇ ಹೆಸರಿನ ಕಡತವನ್ನು ಅವರು ಆಸೆಯಿಂದ ತೆರೆಯುತ್ತಾರಾ?

ಇದನ್ನು ಕಥಾಸಂಕಲನವನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಕಾದಂಬರಿ, ಪ್ರಬಂಧಗಳಿಗೂ ಬಹುಪಾಲು ಹೊಂದುತ್ತದೆ. ಕವಿತೆ ತಿದ್ದುವ ಬಗೆ ಬೇರೆಯೇ. ಅದನ್ನು ಇಲ್ಲಿ ಮುಟ್ಟಿಲ್ಲ.

## ಕೈಯಲ್ಲಿ ಇರಬೇಕಾದದ್ದು

ಜಾಸ್ತಿ ಏನೂ ಬೇಡ. ಯೂನಿಕೋಡ್‌ನಲ್ಲಿ ಕನ್ನಡ ಟೈಪ್ ಮಾಡಲು ಬರುವ ಕಂಪ್ಯೂಟರ್ (ಯೂನಿಕೋಡ್ ಅಂದರೆ ಬೇರೆ ಕಂಪ್ಯೂಟರ್, ಫೋನಿನಲ್ಲೂ ಅಕ್ಷರ ಕೆಡದೆ ಕಾಣುವ ಸಂಕೇತ ಪದ್ಧತಿ). ಹತ್ತಿರದಲ್ಲೊಂದು ಜೆರಾಕ್ಸ್ ಅಂಗಡಿ, ಯಾಕೆಂದರೆ ಕನಿಷ್ಠ ಎರಡು ಸಲ ಕಾಗದದ ಮೇಲೆ ಪ್ರಿಂಟ್ ತೆಗೆಯಬೇಕಾಗುತ್ತದೆ. ಎರಡು ಬಣ್ಣದ ಪೆನ್ನು. ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ನಿಘಂಟು, ಇಲ್ಲವೇ ಅಂಥದ್ದೇ ಒಂದು ನಂಬುವಂಥ ನಿಘಂಟು. ಕಾಗುಣಿತಕ್ಕೆ ಫೋನಿನ ಕೀಲಿಮಣೆ ಕೊಡುವ ಸಲಹೆಯನ್ನು ನಂಬಬೇಡಿ. ಜನ ಜಾಸ್ತಿ ತಪ್ಪು ಬರೆಯುವ ಪದವನ್ನು ಅದೂ ತಪ್ಪಾಗಿಯೇ ಕಲಿತಿರುತ್ತದೆ.

ಇದರ ಜೊತೆಗೆ ಒಂದು ನೋಟ್‌ಬುಕ್. ಪ್ರತಿ ಕತೆಗೆ ಒಂದು ಪುಟ: ಪಾತ್ರಗಳ ಹೆಸರು, ವಯಸ್ಸು, ಯಾರಿಗೆ ಯಾರು ಏನಾಗಬೇಕು, ಊರು, ಕತೆ ನಡೆಯುವ ಕಾಲ. ಇದರ ಉಪಯೋಗ ಮೂರನೇ ಹಂತದಲ್ಲಿ ಗೊತ್ತಾಗುತ್ತದೆ.

## ಹಂತ 1: ಬರೆದದ್ದನ್ನು ಮುಚ್ಚಿಡಿ

ಕೊನೆಯ ಕತೆ ಮುಗಿದ ದಿನದಿಂದ ಕನಿಷ್ಠ ಒಂದು ತಿಂಗಳು ಕಡತ ತೆರೆಯಬೇಡಿ. ನೀವು ಬರೆದ ವಾಕ್ಯ ಬಾಯಿಪಾಠ ಆಗಿರುವಷ್ಟು ದಿನ ಕಣ್ಣು ಕಾಗದದ ಮೇಲಿನದನ್ನು ಓದುವುದಿಲ್ಲ, ತಲೆಯಲ್ಲಿರುವುದನ್ನು ಓದುತ್ತದೆ. ಆ ತಿಂಗಳಲ್ಲಿ ಬೇರೆ ಏನಾದರೂ ಬರೆಯಿರಿ, ಇಲ್ಲವೇ ಸುಮ್ನೆ ಇರಿ.

ತಿಂಗಳಾದ ಮೇಲೂ ಪ್ರತಿ ಸಾಲು ಚಂದವಾಗಿಯೇ ಕಂಡರೆ ಇನ್ನೂ ದೂರ ಬಂದಿಲ್ಲ ಎಂದರ್ಥ. ಮತ್ತೆ ಎರಡು ವಾರ ಮುಚ್ಚಿಡಿ.

## ಹಂತ 2: ಎಣಿಸಿ, ಕೆಲವನ್ನು ಹೊರಗಿಡಿ

ಎಲ್ಲ ಕತೆಗಳ ಪಟ್ಟಿ ಮಾಡಿ. ಪ್ರತಿಯೊಂದರ ಮುಂದೆ ಪದಗಳ ಸಂಖ್ಯೆ ಬರೆಯಿರಿ. ಡೆಮಿ 1/8 ಅಳತೆಯ, ಅಂದರೆ ಸುಮಾರು 5.5 ಇಂಚು ಅಗಲ 8.5 ಇಂಚು ಎತ್ತರದ ಪುಸ್ತಕದಲ್ಲಿ ಒಂದು ಪುಟಕ್ಕೆ 220ರಿಂದ 250 ಕನ್ನಡ ಪದ ಹಿಡಿಯುತ್ತದೆ. 2500 ಪದಗಳ ಕತೆಗೆ ಹತ್ತು ಹನ್ನೊಂದು ಪುಟ. ಅಂಥ ಹತ್ತು ಕತೆ ಸೇರಿದರೆ 110 ಪುಟದ ಆಸುಪಾಸು. ಮೊದಲ ಸಂಕಲನಕ್ಕೆ ಅಷ್ಟು ಧಾರಾಳವಾಯಿತು.

ಹದಿನೆಂಟು ಕತೆ ಇದ್ದರೆ ಹದಿನೆಂಟನ್ನೂ ಹಾಕಬೇಡಿ. ಕಾಲೇಜು ದಿನಗಳ ಮೊದಲ ಕತೆಯ ಮೇಲೆ ಎಲ್ಲರಿಗೂ ಪ್ರೀತಿ ಇರುತ್ತದೆ. ಓದುವವರಿಗೆ ಆ ಪ್ರೀತಿ ಇರುವುದಿಲ್ಲ. ಒಂದೇ ತಿರುವು ಇರುವ ಎರಡು ಕತೆಗಳಿದ್ದರೆ (ಕೊನೆಗೆ ಸಾವಿನ ಸುದ್ದಿ ಹೊತ್ತ ಫೋನು ಬರುವ ಕತೆಗಳನ್ನು ನಾನು ಎಣಿಸುವುದನ್ನೇ ಬಿಟ್ಟಿದ್ದೇನೆ) ಒಂದನ್ನು ತೆಗೆಯಿರಿ.

ಅಪಾಯದ ಗುರುತು: ಒಂದು ಕತೆಯನ್ನು ಯಾಕೆ ಇಟ್ಟುಕೊಂಡಿದ್ದೀರಿ ಅಂತ ಕೇಳಿದಾಗ ನಿಮ್ಮ ಉತ್ತರ "ಇದು ನಿಜವಾಗಿ ನಡೆದದ್ದು" ಎಂದಿದ್ದರೆ, ಆ ಕತೆಯಲ್ಲಿ ಇನ್ನೂ ಕೆಲಸ ಬಾಕಿ ಇದೆ.

## ಹಂತ 3: ದೊಡ್ಡ ತಿದ್ದುಪಡಿ ಮೊದಲು

ಇಲ್ಲಿಯೇ ಹೆಚ್ಚಿನವರು ಎಡವುವುದು. ಕುಳಿತ ತಕ್ಷಣ ಕಾಗುಣಿತ ತಿದ್ದಲು ಶುರು ಮಾಡುತ್ತಾರೆ. ಎರಡು ದಿನ ಕಷ್ಟಪಟ್ಟು ತಿದ್ದಿದ ಪುಟವನ್ನೇ ಮೂರನೇ ದಿನ ಹರಿದು ಹಾಕಬೇಕಾಗಿ ಬಂದರೆ? ಅಥವಾ, ಅದಕ್ಕಿಂತ ಕೆಟ್ಟದ್ದು, ತಿದ್ದಿಯಾಗಿದೆ ಅನ್ನುವ ಮಮಕಾರಕ್ಕೆ ಹರಿಯದೇ ಉಳಿಸಿಕೊಂಡರೆ?

ಕಾಗದದ ಮೇಲೆ ಪ್ರಿಂಟ್ ತೆಗೆಯಿರಿ. ಪೆನ್ನು ಹಿಡಿಯದೆ ಒಮ್ಮೆ ಪೂರ್ತಿ ಓದಿ. ಆಮೇಲೆ ಪ್ರತಿ ಕತೆಗೆ ಈ ಪ್ರಶ್ನೆಗಳನ್ನು ಕೇಳಿ.

ಕತೆ ನಿಜವಾಗಿ ಶುರುವಾಗುವುದು ಯಾವ ಪ್ಯಾರಾದಲ್ಲಿ? ಬಹಳ ಸಲ ಅದು ಎರಡನೇ ಪುಟದಲ್ಲಿರುತ್ತದೆ. ಅದರ ಹಿಂದಿನದೆಲ್ಲ ಬರೆಯುವವರು ಗಂಟಲು ಸರಿಮಾಡಿಕೊಂಡದ್ದು. ಒಂದು ಉದಾಹರಣೆ ನೋಡಿ, ಇದು ತೋರಿಸುವುದಕ್ಕಾಗಿಯೇ ನಾನು ಬರೆದದ್ದು:

"ಬೆಳಗಿನ ಸೂರ್ಯನ ಹೊಂಗಿರಣಗಳು ಭೂಮಿಯನ್ನು ಚುಂಬಿಸುತ್ತಿದ್ದವು. ಹಕ್ಕಿಗಳ ಚಿಲಿಪಿಲಿ ಕಿವಿಗೆ ಇಂಪಾಗಿ ಕೇಳುತ್ತಿತ್ತು. ಶಾಂತಮ್ಮ ಒಂದು ರೀತಿಯ ಬೇಸರದಿಂದ ಹಾಸಿಗೆಯಿಂದ ಎದ್ದಳು. ಅವಳ ಮನಸ್ಸು ಭಾರವಾಗಿತ್ತು. ಏಕೆಂದರೆ ಇಂದು ಅವಳ ಮಗ ಮನೆ ಮಾರುವ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಬರುವವನಿದ್ದನು..."

ಇದರಲ್ಲಿ ಸೂರ್ಯ, ಹಕ್ಕಿ ಯಾರ ಕತೆಯಲ್ಲಾದರೂ ಇರಬಹುದು. ಮನಸ್ಸು ಭಾರವಾಗಿತ್ತು ಅಂತ ಹೇಳಿದ್ದಾಯಿತು, ನಮಗೆ ಭಾರ ತಾಗಲಿಲ್ಲ. ತಿದ್ದಿದ ಮೇಲೆ:

"ಮಗ ಹತ್ತು ಗಂಟೆಗೆ ಬರುತ್ತೇನೆ ಅಂದಿದ್ದ. ಶಾಂತಮ್ಮ ಐದಕ್ಕೇ ಎದ್ದು, ಮಾರುವ ಮನೆಯ ಹೊಸ್ತಿಲಿಗೆ ಎಂದಿನಂತೆ ಅರಿಶಿನ ಹಚ್ಚಿದಳು. ಹಚ್ಚಿ ಮುಗಿದ ಮೇಲೆ, ಸಹಿ ಹಾಕೋಕೆ ಕನ್ನಡಕ ಬೇಕಲ್ಲ ಅಂತ ನೆನಪಾಯಿತು."

ಐದು ವಾಕ್ಯ ಮೂರಾಯಿತು. ಬೇಸರ ಅನ್ನುವ ಪದ ಹೋಯಿತು, ಬೇಸರ ಉಳಿಯಿತು. ಇಷ್ಟು ದೊಡ್ಡ ಬದಲಾವಣೆ ಮಾಡುವ ಹಂತದಲ್ಲಿ "ಹೊಂಗಿರಣ"ದ ಕಾಗುಣಿತ ನೋಡುತ್ತ ಕೂತರೆ ಏನು ಲಾಭ?

ಕತೆಯನ್ನು ಯಾರು ಹೇಳುತ್ತಿದ್ದಾರೆ? ಶಾಂತಮ್ಮನ ಕಣ್ಣಿನಿಂದ ಹೇಳುತ್ತ ಹೇಳುತ್ತ, ಮಧ್ಯದಲ್ಲಿ ಮಗನ ಮನಸ್ಸಿನೊಳಗೆ ಹೊಕ್ಕು ಹೊರಬಂದಿದ್ದರೆ ಆ ಪ್ಯಾರಾದ ಪಕ್ಕ ಗೆರೆ ಎಳೆಯಿರಿ. ಬೇಕೆಂದೇ ಮಾಡಿದ್ದರೆ ಸರಿ. ಗೊತ್ತಿಲ್ಲದೆ ಆಗಿದ್ದರೆ ತೆಗೆಯಿರಿ.

ನೋಟ್‌ಬುಕ್ಕಿನ ಲೆಕ್ಕ ಹೊಂದುತ್ತದಾ? ಮೂರನೇ ಪುಟದ ಸೋದರತ್ತೆ ಹನ್ನೊಂದನೇ ಪುಟದಲ್ಲಿ ಚಿಕ್ಕಮ್ಮ ಆಗಿರುವುದನ್ನು ನಾನು ನೋಡಿದ್ದೇನೆ. ಕನ್ನಡದ ಓದುಗರು ಬೇರೆ ಏನನ್ನು ಬೇಕಾದರೂ ಕ್ಷಮಿಸುತ್ತಾರೆ, ಸಂಬಂಧ ತಪ್ಪಿದರೆ ಅಲ್ಲಿಯೇ ನಿಲ್ಲುತ್ತಾರೆ. ಮದುವೆಯಾಗಿ ಹತ್ತು ವರ್ಷ, ಮಗಳಿಗೆ ಹದಿನಾಲ್ಕು ವರ್ಷ ಅನ್ನುವ ಲೆಕ್ಕವೂ ಇದೇ ಜಾತಿಯದ್ದು.

ಕೊನೆಯ ಪ್ಯಾರಾ ಬೇಕಾ? ಕೈಯಿಂದ ಮುಚ್ಚಿ ಓದಿ ನೋಡಿ. ಕತೆ ಅದಿಲ್ಲದೆಯೇ ನಿಂತರೆ ಅದನ್ನು ಹೊಡೆದುಹಾಕಿ. ನೀತಿ ಹೇಳುವ ಕೊನೆಯ ಪ್ಯಾರಾಗಳೆಲ್ಲ ಈ ಪರೀಕ್ಷೆಯಲ್ಲಿಯೇ ಉದುರುತ್ತವೆ.

## ಹಂತ 4: ಸಾಲು ಸಾಲಾಗಿ ತಿದ್ದುವುದು

ಈಗ ಜೋರಾಗಿ ಓದಿ. ನಾಚಿಕೆಯಾದರೆ ಬಾಗಿಲು ಹಾಕಿಕೊಳ್ಳಿ. ಉಸಿರು ಕಟ್ಟಿದ ಕಡೆ ವಾಕ್ಯ ಉದ್ದವಾಗಿದೆ. ನಾಲಿಗೆ ತಡವರಿಸಿದ ಕಡೆ ಅದು ಕನ್ನಡದ ವಾಕ್ಯವೇ ಅಲ್ಲದಿರಬಹುದು. "ಅವನಿಂದ ಪತ್ರ ಬರೆಯಲ್ಪಟ್ಟಿತು" ಅಂತ ಯಾರ ಮನೆಯಲ್ಲಿ ಮಾತಾಡುತ್ತಾರೆ? "ಒಂದು ಸುಂದರ ಹುಡುಗಿ ಒಂದು ಮರದ ಕೆಳಗೆ" ಅನ್ನುವಲ್ಲಿ ಎರಡೂ "ಒಂದು" ದಂಡ. ಈ ಪದವನ್ನು ಕಡತದಲ್ಲಿ ಹುಡುಕಿಸಿ ನೋಡಿ, ಎಷ್ಟಿದೆ ಅಂತ ನಿಮಗೇ ಆಶ್ಚರ್ಯವಾಗುತ್ತದೆ.

ನಾನು ಜಾಸ್ತಿ ಕೆಂಪು ಪೆನ್ನು ಓಡಿಸುವ ಜಾಗಗಳು ಇವು:

ಕ್ರಿಯಾಪದ ಒಂದು ಪುಟದಲ್ಲಿ "ಬಂದನು", ಇನ್ನೊಂದರಲ್ಲಿ "ಬಂದ". ಎರಡೂ ಸರಿ, ಆದರೆ ನಿರೂಪಣೆಗೆ ಒಂದನ್ನೇ ಹಿಡಿದುಕೊಳ್ಳಿ. ಹಾಗೆಯೇ ಭೂತಕಾಲದಲ್ಲಿ ಹೋಗುತ್ತಿದ್ದ ಕತೆ ಆವೇಶ ಬಂದಾಗ "ಓಡುತ್ತಾನೆ, ಕೂಗುತ್ತಾನೆ" ಎಂದು ವರ್ತಮಾನಕ್ಕೆ ಹಾರುವುದು.

ಮಾತುಕತೆಯ ಕೊನೆಗೆ ಉದ್ಗರಿಸಿದಳು, ನುಡಿದಳು, ಉಲಿದಳು, ಗುಡುಗಿದಳು. "ಅಂದಳು" ಸಾಕು. ಬಹಳ ಕಡೆ ಅದೂ ಬೇಡ.

ಆಡುಮಾತು. ಧಾರವಾಡದ ಪಾತ್ರ ಮೊದಲ ಪುಟದಲ್ಲಿ "ಹೌದ್ರೀ, ಬಂದೇನ್ರಿ" ಎಂದು ಶುರುಮಾಡಿ, ಐದನೇ ಪುಟದಲ್ಲಿ ಮೈಸೂರಿನವರ ಹಾಗೆ ಮಾತಾಡಿದರೆ ಇಡೀ ಕತೆ ಸುಳ್ಳಾಗುತ್ತದೆ. ನಿಮ್ಮದಲ್ಲದ ಸೀಮೆಯ ಮಾತನ್ನು ಬರೆದಿದ್ದರೆ ಆ ಸೀಮೆಯವರೊಬ್ಬರಿಗೆ ಮಾತುಕತೆಯನ್ನಷ್ಟೇ ಓದಿಸಿ. ಸಿನಿಮಾ ನೋಡಿ ಕಲಿತ ಕುಂದಾಪುರ ಕನ್ನಡ ಕುಂದಾಪುರದವರ ಮುಂದೆ ನಡೆಯುವುದಿಲ್ಲ.

ಚುಕ್ಕಿಗಳು. ಪ್ರತಿ ವಾಕ್ಯದ ಕೊನೆಗೆ ಐದಾರು ಚುಕ್ಕಿ, ಮೂರು ಆಶ್ಚರ್ಯಸೂಚಕ. ಚುಕ್ಕಿ ಮೂರೇ, ಅದೂ ನಿಜಕ್ಕೂ ಮಾತು ಅರ್ಧಕ್ಕೆ ನಿಂತಾಗ.

ಕಾಗುಣಿತದ ಸರದಿ ಕೊನೆಗೆ. ವಿದ್ಯಾರ್ಥಿ (ವಿಧ್ಯಾರ್ಥಿ ಅಲ್ಲ), ಪ್ರಬಂಧ (ಪ್ರಭಂದ ಅಲ್ಲ), ಶುಭಾಶಯ (ಶುಭಾಷಯ ಅಲ್ಲ), ಸ್ಪಷ್ಟ (ಸ್ಪಷ್ಠ ಅಲ್ಲ), ಉಚ್ಚ (ಉಚ್ಛ ಅಲ್ಲ), ಕೋಟ್ಯಧಿಪತಿ (ಕೋಟ್ಯಾಧಿಪತಿ ಅಲ್ಲ). ನೀವು ಪದೇ ಪದೇ ತಪ್ಪುವ ಪದಗಳ ಪಟ್ಟಿಯನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಅದು ಸಾಮಾನ್ಯವಾಗಿ ಇಪ್ಪತ್ತು ಪದ ದಾಟುವುದಿಲ್ಲ.

ಇನ್ನೊಂದು ಎಚ್ಚರಿಕೆ. ಕತೆಯೊಳಗೆ ಸಿನಿಮಾ ಹಾಡು ಅಥವಾ ಯಾರದೋ ಕವಿತೆಯ ಸಾಲು ಇಡಿಯಾಗಿ ಬಳಸಿದ್ದೀರಾ? ಭಾರತದಲ್ಲಿ ಕೃತಿಯ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಹಳೆಯ ವಚನ, ಕೀರ್ತನೆಗಳಿಗೆ ಆ ತೊಡಕಿಲ್ಲ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅಂದರೆ ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೂ ಇದೆ. ಒಪ್ಪಿಗೆ ಪಡೆಯಿರಿ, ಇಲ್ಲವೇ ಆ ಸಾಲಿಲ್ಲದೆ ಬರೆಯಿರಿ.

## ಹಂತ 5: ಮೂವರಿಗೆ ಓದಿಸಿ

ಮೂವರು ಸಾಕು. ಒಬ್ಬರು ಸುಮ್ನೆ ಓದುವ ಖುಷಿಗೆ ಓದುವವರು, ಒಬ್ಬರು ಬರೆಯುವವರು, ಒಬ್ಬರು ನೀವು ಬರೆದ ಜಗತ್ತನ್ನು ಬಲ್ಲವರು. ಅಡಿಕೆ ಕೊಯ್ಲಿನ ಕತೆಯಾದರೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರ ಕೆಲಸ ಹತ್ತಿರದಿಂದ ನೋಡಿದವರು, ಆಸ್ಪತ್ರೆಯ ಕತೆಯಾದರೆ ಒಬ್ಬ ನರ್ಸ್.

"ಹೇಗಿದೆ?" ಅಂತ ಕೇಳಬೇಡಿ. "ಚೆನ್ನಾಗಿದೆ" ಅನ್ನುತ್ತಾರೆ, ಇನ್ನೇನು ಅಂದಾರು? "ಎಲ್ಲಿ ಓದೋದು ನಿಲ್ಲಿಸಿ ಫೋನ್ ನೋಡಿದಿರಿ? ಎಲ್ಲಿ ಅರ್ಥವಾಗದೆ ಹಿಂದಿನ ಪುಟಕ್ಕೆ ಹೋದಿರಿ?" ಎಂದು ಕೇಳಿ. ಆ ಜಾಗದಲ್ಲಿ ಅಂಚಿಗೆ ಒಂದು ಗುರುತು ಹಾಕಲು ಹೇಳಿ. ಇಬ್ಬರು ಒಂದೇ ಜಾಗದಲ್ಲಿ ಗುರುತು ಹಾಕಿದ್ದರೆ ವಾದ ಬೇಡ, ತಿದ್ದಿ. ಅವರು ಹೇಳುವ ಪರಿಹಾರವನ್ನು ಒಪ್ಪಲೇಬೇಕೆಂದಿಲ್ಲ. ಕಾಯಿಲೆ ಅವರಿಗೆ ಗೊತ್ತಾಗಿರುತ್ತದೆ, ಔಷಧ ನಿಮ್ಮ ಕೈಯಲ್ಲಿದೆ.

ಮನೆಯವರನ್ನು ಈ ಮೂವರಲ್ಲಿ ಸೇರಿಸಿಕೊಳ್ಳಬೇಡಿ. ಅವರು ಕತೆಯಲ್ಲಿ ತಮ್ಮನ್ನೇ ಹುಡುಕುತ್ತಾರೆ.

## ಹಂತ 6: ಕಡತವನ್ನು ಸರಿಮಾಡಿ

ಇದು ಬೇಸರದ ಕೆಲಸ. ಆದರೆ ಕನ್ನಡದ ಹಸ್ತಪ್ರತಿಗಳು ಓದುವ ಮೊದಲೇ ಪಕ್ಕಕ್ಕೆ ಹೋಗುವುದು ಇಲ್ಲಿಯೇ.

ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಫಾಂಟಿನಲ್ಲಿ ಟೈಪ್ ಮಾಡಿದ ಕಡತ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಬಂದ ಹಾಗೆ ಕಾಣುತ್ತದೆ. ಪ್ರಕಾಶಕರು ಫೋನಿನಲ್ಲಿ ತೆರೆದರೆ ಅಷ್ಟೇ, ಮುಚ್ಚಿಬಿಡುತ್ತಾರೆ. ಆದ್ದರಿಂದ ಕಳಿಸುವುದು ಯೂನಿಕೋಡ್‌ನಲ್ಲೇ ಇರಲಿ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ಆದರೆ ಅವು ಕೊಟ್ಟದ್ದನ್ನು ಹಾಗೆಯೇ ಕಳಿಸಬೇಡಿ. ಈ ನಾಲ್ಕು ಜಾಗ ನೋಡಿ.

ಒಂದು, ಅರ್ಕಾವತ್ತು. ಸೂರ್ಯ, ಕಾರ್ಯ, ವರ್ಷದಂಥ ಪದಗಳಲ್ಲಿ "ರ್" ಜಾಗ ತಪ್ಪಿ ಪಕ್ಕದ ಅಕ್ಷರಕ್ಕೆ ಅಂಟಿರಬಹುದು.

ಎರಡು, ನುಡಿ ಕಡತದ ಮಧ್ಯೆ ಇಂಗ್ಲಿಷ್ ಅಕ್ಷರದಲ್ಲಿದ್ದ ಪದಗಳು. ಪರಿವರ್ತಕಕ್ಕೆ ಅದು ಇಂಗ್ಲಿಷ್ ಅಂತ ಗೊತ್ತಾಗುವುದಿಲ್ಲ. ಅವನ್ನೂ ಕನ್ನಡ ಮಾಡಲು ಹೋಗಿ ಅರ್ಥವಿಲ್ಲದ ಅಕ್ಷರಗಳ ಗುಡ್ಡೆ ಹಾಕುತ್ತದೆ.

ಮೂರು, ಪದದ ನಡುವಿನ ಅರ್ಧಾಕ್ಷರ. "ಬಸ್‌ನಲ್ಲಿ" ಅಂತ ಇರಬೇಕಾದದ್ದು "ಬಸ್ನಲ್ಲಿ" ಆಗಿರುತ್ತದೆ, "ಸಾಫ್ಟ್‌ವೇರ್" ಹೋಗಿ "ಸಾಫ್ಟ್ವೇರ್" ಆಗಿರುತ್ತದೆ. ನಡುವೆ ಕಣ್ಣಿಗೆ ಕಾಣದ ಒಂದು ಬಿಡಿಸುವ ಗುರುತು ಬೇಕು, ಅದು ಪರಿವರ್ತನೆಯಲ್ಲಿ ಬಿದ್ದುಹೋಗುತ್ತದೆ.

ನಾಲ್ಕು, ಸೊನ್ನೆ. ಕೆಲವರು ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆ ಒತ್ತಿರುತ್ತಾರೆ. "ಸಂಜೆ" ಮತ್ತು "ಸ೦ಜೆ" ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹುಡುಕಿದರೆ ಸಿಗುವುದಿಲ್ಲ, ಫಾಂಟ್ ಬದಲಿಸಿದಾಗ ಅಸಹ್ಯವಾಗಿ ಕಾಣುತ್ತದೆ. ಕಡತದಲ್ಲಿ ಅಂಕಿ ಸೊನ್ನೆಯನ್ನು ಹುಡುಕಿಸಿ ಒಂದೊಂದಾಗಿ ಸರಿಮಾಡಿ. ಒಟ್ಟಿಗೇ ಬದಲಿಸಿದರೆ ಕನ್ನಡ ಅಂಕಿಯಲ್ಲಿ ಬರೆದ ಇಸವಿಗಳೂ ಕೆಡುತ್ತವೆ.

ಎಲ್ಲ ಕತೆಗಳೂ ಒಂದೇ ಕಡತದಲ್ಲಿರಲಿ. ಒಂದೇ ಫಾಂಟ್, 12 ಪಾಯಿಂಟ್, ಸಾಲುಗಳ ನಡುವೆ ಒಂದೂವರೆ ಅಂತರ, ಪುಟ ಸಂಖ್ಯೆ. ಮೊದಲ ಪುಟದಲ್ಲಿ ಹೆಸರು, ಫೋನ್, ಇಮೇಲ್. ಕಡತದ ಹೆಸರಿನಲ್ಲಿ ನಿಮ್ಮ ಹೆಸರು, ಸಂಕಲನದ ಹೆಸರು, ದಿನಾಂಕ ಇರಲಿ. "ಫೈನಲ್ ಹೊಸದು 3" ಅಂತ ಬೇಡ. ಹೂಬಳ್ಳಿಯ ಅಂಚು, ಬಣ್ಣದ ಶೀರ್ಷಿಕೆ ಖಂಡಿತ ಬೇಡ.

## ಹಂತ 7: ಪುಸ್ತಕಕ್ಕೆ ಮೊದಲು ಪತ್ರಿಕೆ, ಸ್ಪರ್ಧೆ

ಹತ್ತರಲ್ಲಿ ನಾಲ್ಕಾದರೂ ಕತೆ ಬೇರೆಲ್ಲೋ ಪ್ರಕಟವಾಗಿದ್ದರೆ ಪ್ರಕಾಶಕರಿಗೆ ಧೈರ್ಯ ಬರುತ್ತದೆ. ಮಯೂರ, ತುಷಾರ, ಸುಧಾ, ತರಂಗ, ದಿನಪತ್ರಿಕೆಗಳ ಭಾನುವಾರದ ಪುರವಣಿ, ಕೆಂಡಸಂಪಿಗೆ, ಅವಧಿಯಂಥ ಜಾಲತಾಣಗಳು ಇವೆ. ಒಂದು ಕತೆಯನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಿ. ಉತ್ತರ ಬರದಿದ್ದರೆ ಮೂರು ತಿಂಗಳಾದ ಮೇಲೆ ಒಂದು ಸಾಲಿನ ಪತ್ರ ಬರೆದು ಹಿಂದೆ ಪಡೆದು ಮುಂದಿನವರಿಗೆ ಕಳಿಸಿ.

ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಂಥವಕ್ಕೆ ಅಪ್ರಕಟಿತ ಕತೆಯೇ ಬೇಕು. ಫೇಸ್‌ಬುಕ್ಕಿನಲ್ಲಿ ಹಾಕಿದ್ದೂ ಪ್ರಕಟಿಸಿದ ಹಾಗೆಯೇ. ಗೆಳೆಯರ ಲೈಕಿಗೆ ಆತುರಪಟ್ಟು ಒಳ್ಳೆಯ ಕತೆಯನ್ನು ಅಲ್ಲಿ ಸುಡಬೇಡಿ.

ಇಡೀ ಹಸ್ತಪ್ರತಿಗೇ ಬಹುಮಾನ ಕೊಡುವವರೂ ಇದ್ದಾರೆ. ಇದುವರೆಗೆ ಕಥಾಸಂಕಲನ ತಂದಿಲ್ಲದವರಿಗೆ ಛಂದ ಪುಸ್ತಕ ಪ್ರಕಾಶನದ ಬಹುಮಾನ, ಕವನಗಳಿಗೆ ಕಾಂತಾವರ ಕನ್ನಡ ಸಂಘದ ಮುದ್ದಣ ಕಾವ್ಯ ಪ್ರಶಸ್ತಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಅದಕ್ಕೆ ವಯಸ್ಸಿನ ಮಿತಿ ಇದೆ. ಇವುಗಳಿಗೆಲ್ಲ ಅರ್ಜಿ ಹಾಕುವುದು ಅಚ್ಚಾಗುವ ಮೊದಲು. ಪುಸ್ತಕ ಹಿಡಿದುಕೊಂಡು ಹೋಗಿ "ಇದು ನನ್ನ ಮೊದಲ ಕೃತಿ" ಅಂದರೆ ಬಾಗಿಲು ಮುಚ್ಚಿರುತ್ತದೆ. ಆ ವರ್ಷದ ಪ್ರಕಟಣೆಯಲ್ಲಿ ನಿಯಮ ಓದಿಯೇ ಕಳಿಸಿ.

## ಹಂತ 8: ಪ್ರಕಾಶಕರಿಗೆ ಕಳಿಸುವುದು

ಮೊದಲು ನಿಮ್ಮ ಕಪಾಟು ನೋಡಿ. ನಿಮ್ಮ ಕತೆಗಳಂಥವನ್ನು ಯಾರು ಪ್ರಕಟಿಸಿದ್ದಾರೆ? ಐದು ಹೆಸರು ಬರೆದುಕೊಳ್ಳಿ. ಅಡುಗೆ, ಆರೋಗ್ಯ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಮಾತ್ರ ತರುವವರಿಗೆ ಕತೆ ಕಳಿಸಿ ಪ್ರಯೋಜನವಿಲ್ಲ.

ಪತ್ರ ಹತ್ತು ಸಾಲು ದಾಟಬಾರದು. ಯಾರು ನೀವು, ಎಷ್ಟು ಕತೆ, ಎಷ್ಟು ಪದ, ಎಲ್ಲೆಲ್ಲಿ ಪ್ರಕಟವಾಗಿವೆ, ಕತೆಗಳ ಲೋಕ ಯಾವುದು. ಜೊತೆಗೆ ನಿಮ್ಮ ಅತ್ಯುತ್ತಮ ಎರಡು ಕತೆ, ಪಿಡಿಎಫ್ ಮತ್ತು ವರ್ಡ್ ಎರಡೂ ರೂಪದಲ್ಲಿ. ಇಡೀ ಹಸ್ತಪ್ರತಿ ಅವರು ಕೇಳಿದ ಮೇಲೆ.

"ಮಾನ್ಯರೇ, ನಾನೊಬ್ಬ ಸಾಮಾನ್ಯ ಬರಹಗಾರ, ತಪ್ಪಿದ್ದರೆ ತಿದ್ದಿ ಪ್ರಕಟಿಸಬೇಕಾಗಿ ವಿನಂತಿ" ಅಂತ ಬರೆಯುವವರಿದ್ದಾರೆ. ವಿನಯ ಒಳ್ಳೆಯದೇ, ಆದರೆ ಓದುವವರಿಗೆ ಅದು ಹೇಳುವುದು ಇಷ್ಟೇ: ತಿದ್ದಿಲ್ಲ. ವಾಟ್ಸಾಪಿನಲ್ಲಿ ಕೈಬರಹದ ನಲವತ್ತು ಫೋಟೋ ಕಳಿಸುವುದೂ ಬೇಡ.

ಆರು ತಿಂಗಳು ಕಾಯಬೇಕಾಗಬಹುದು. ತಿಂಗಳಿಗೊಮ್ಮೆ ಫೋನ್ ಮಾಡಬೇಡಿ. ಮೂರು ತಿಂಗಳಿಗೆ ಒಂದು ಇಮೇಲ್ ಸಾಕು.

ಮುನ್ನುಡಿಯ ಮಾತು ಬರುವುದು ಪ್ರಕಾಶಕರು ಒಪ್ಪಿ, ಕತೆಗಳ ಪಟ್ಟಿ ಗಟ್ಟಿಯಾದ ಮೇಲೆ. ಮುನ್ನುಡಿ ಬೇಕೇ ಬೇಕಾ ಅನ್ನುವುದನ್ನೂ ಆಗ ಮಾತಾಡಿ. ನನ್ನ ಕೇಳಿದರೆ ಬೇಡ. ಕತೆಯ ಗುಟ್ಟನ್ನೆಲ್ಲ ಕತೆಗಿಂತ ಮೊದಲೇ ಹೇಳಿಬಿಡುವ ಮುನ್ನುಡಿಗಳೇ ಜಾಸ್ತಿ.

## ಹಂತ 9: ಒಪ್ಪಂದ

ಕನ್ನಡದಲ್ಲಿ ಬಾಯಿಮಾತಿನ ಮೇಲೆ ಬರುವ ಪುಸ್ತಕ ಎಷ್ಟೋ. ಸ್ನೇಹ ಚೆನ್ನಾಗಿರುವಾಗಲೇ ಒಂದು ಪುಟ ಬರೆದುಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯಿದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕನ್ನು ಬೇರೆಯವರಿಗೆ ವಹಿಸಿಕೊಡುವುದು ಬರಹದಲ್ಲಿಯೇ ಆಗಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಎಂದು ಲೆಕ್ಕ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಮಾತು ಬರೆದುಕೊಂಡಿರದಿದ್ದರೆ, ಅದು ತಾನಾಗಿ ಬಿದ್ದುಹೋಗುತ್ತದೆ.

ಪತ್ರದಲ್ಲಿ ಇರಬೇಕಾದದ್ದು: ಯಾವ ಹಕ್ಕು (ಅಚ್ಚು ಮಾತ್ರವೋ, ಇ-ಪುಸ್ತಕ, ಆಡಿಯೋ, ಅನುವಾದ, ಸಿನಿಮಾ ಎಲ್ಲವೋ), ಎಷ್ಟು ವರ್ಷ, ಮೊದಲ ಮುದ್ರಣ ಎಷ್ಟು ಪ್ರತಿ, ಗೌರವಧನ ಎಷ್ಟು, ಲೆಕ್ಕ ಕೊಡುವುದು ಯಾವಾಗ, ನಿಮಗೆ ಎಷ್ಟು ಉಚಿತ ಪ್ರತಿ. ಮುಖಬೆಲೆಯ ಶೇಕಡ 10ರ ಸುತ್ತಮುತ್ತ ಗೌರವಧನದ ಮಾತು ನಡೆಯುತ್ತದೆ. ಹಣದ ಬದಲು ಅಷ್ಟು ಬೆಲೆಯ ಪ್ರತಿ ಕೊಡುವ ರೂಢಿಯೂ ಇದೆ. ಎರಡರಲ್ಲಿ ಯಾವುದು ಅಂತ ಮೊದಲೇ ಕೇಳಿ, ಕೇಳೋಕೆ ನಾಚಿಕೆ ಬೇಡ.

ಅಪಾಯದ ಗುರುತುಗಳು ಇಲ್ಲಿ ದಟ್ಟವಾಗಿವೆ. "ಎಲ್ಲ ಹಕ್ಕುಗಳೂ ಶಾಶ್ವತವಾಗಿ ಪ್ರಕಾಶಕರದ್ದು" ಎಂಬ ಸಾಲು. ನೀವೇ ಇನ್ನೂರು ಪ್ರತಿ ಕೊಳ್ಳಬೇಕು ಅನ್ನುವ ಷರತ್ತು. ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಸಂಖ್ಯೆ) ಮಾಡಿಸಿಕೊಡಲು ದೊಡ್ಡ ಶುಲ್ಕ. "ನೂರು ಕವಿಗಳ ಸಂಕಲನ, ಇಷ್ಟು ಹಣ ಕಟ್ಟಿ, ಪ್ರಮಾಣಪತ್ರ ಮತ್ತು ಪ್ರಶಸ್ತಿ ಗ್ಯಾರಂಟಿ" ಅನ್ನುವ ಸಂದೇಶ. ಹಸ್ತಪ್ರತಿ ಓದದೆ ಎರಡೇ ದಿನಕ್ಕೆ "ಅದ್ಭುತ, ಪ್ರಕಟಿಸೋಣ" ಎಂದವರ ಬಳಿಯಿಂದಲೂ ನಿಧಾನಕ್ಕೆ ಎದ್ದು ಬನ್ನಿ.

## ಹಂತ 10: ಕರಡು ನೋಡುವುದು

ಪುಟ ಕಟ್ಟಿದ ಕರಡು ಕೈಗೆ ಬಂದಾಗ ಕತೆ ಬದಲಿಸುವ ಆಸೆ ಹುಟ್ಟುತ್ತದೆ. ಅದನ್ನು ಅದುಮಿ. ಈಗ ಕೆಲಸ ಹೋಲಿಸಿ ನೋಡುವುದು ಮಾತ್ರ.

ಕಾಗದದ ಮೇಲೆಯೇ ನೋಡಿ. ಸಾಲಿನ ಕೆಳಗೆ ಅಳತೆಪಟ್ಟಿ ಇಟ್ಟುಕೊಂಡು, ದಿನಕ್ಕೆ ಮೂವತ್ತು ಪುಟಕ್ಕಿಂತ ಜಾಸ್ತಿ ಬೇಡ. ಮೊದಲ ಕರಡಿಗೆ ಕೆಂಪು, ಎರಡನೆಯದಕ್ಕೆ ಹಸಿರು. ಎರಡನೇ ಕರಡಿನಲ್ಲಿ ತಿದ್ದಿದ ಪದವನ್ನಷ್ಟೇ ನೋಡಿ ಬಿಡಬೇಡಿ, ಅದರ ಹಿಂದಿನ ಮತ್ತು ಮುಂದಿನ ಸಾಲನ್ನೂ ಓದಿ. ಒಂದು ತಪ್ಪು ತೆಗೆಯುವಾಗ ಪುಟ ಕಟ್ಟುವ ಡಿಟಿಪಿಯವರ ಕೈಯಲ್ಲಿ ಇನ್ನೊಂದು ಹುಟ್ಟಿರುತ್ತದೆ.

ಕಣ್ಣು ತಪ್ಪಿಸಿಕೊಳ್ಳುವ ಜಾಗಗಳು: ಕತೆಯ ಶೀರ್ಷಿಕೆ (ದೊಡ್ಡ ಅಕ್ಷರದ ತಪ್ಪು ಯಾರಿಗೂ ಕಾಣುವುದಿಲ್ಲ), ಪರಿವಿಡಿಯ ಪುಟ ಸಂಖ್ಯೆ, ಪುಟದ ತಲೆಯಲ್ಲಿ ಹಿಂದಿನ ಕತೆಯ ಹೆಸರೇ ಉಳಿದಿರುವುದು, ಬೆನ್ನಿನ ಮೇಲಿನ ಹೆಸರು, ಸಾಲಿನ ಕೊನೆಯಲ್ಲಿ ತುಂಡಾದ ಪದ. ಮುದ್ರಣಾಲಯದವರು ಯೂನಿಕೋಡ್ ಕಡತವನ್ನು ಮತ್ತೆ ನುಡಿಗೆ ತಿರುಗಿಸಿ ಪುಟ ಕಟ್ಟಿದ್ದರೆ ಆರನೇ ಹಂತದ ನಾಲ್ಕೂ ಪರೀಕ್ಷೆ ಇನ್ನೊಮ್ಮೆ ಮಾಡಬೇಕು. ಹಳೆಯ ಪೇಜ್‌ಮೇಕರ್ ತಂತ್ರಾಂಶ ಬಳಸುವ ಕಡೆ ಇದು ತಪ್ಪಿದ್ದಲ್ಲ, ಅದಕ್ಕೆ ಯೂನಿಕೋಡ್ ಕನ್ನಡ ಬರುವುದಿಲ್ಲ.

ನನ್ನದೇ ಕತೆ ಹೇಳುತ್ತೇನೆ. ನನ್ನ ಮೊದಲ ಪುಸ್ತಕದ ಮೂರನೇ ಕರಡನ್ನು ರಾತ್ರಿ ಕೂತು ತಿದ್ದಿ ಕೊಟ್ಟಿದ್ದೆ. ಡಿಟಿಪಿಯವರು ತಿದ್ದಿದರು, ಹೊಸ ಹೆಸರಿನಲ್ಲಿ ಉಳಿಸಿದರು. ಅಚ್ಚಿಗೆ ಹೋದದ್ದು ಹಳೆಯ ಕಡತ. 500 ಪ್ರತಿ. ಕಟ್ಟು ಬಿಚ್ಚಿ ನೋಡಿದರೆ 47ನೇ ಪುಟದಲ್ಲಿ ಒಂದೇ ಪ್ಯಾರಾ ಎರಡು ಸಲ ಇತ್ತು. ತಪ್ಪು ಅವರದ್ದೂ ಹೌದು, ನನ್ನದೂ ಹೌದು, ಯಾಕೆಂದರೆ ಅಚ್ಚಿಗೆ ಹೋಗುವ ಪಿಡಿಎಫ್ ಕೊನೆಗೊಮ್ಮೆ ಕಳಿಸಿ ಅಂತ ನಾನು ಕೇಳಿರಲಿಲ್ಲ. ಈಗ ಆ ಪಿಡಿಎಫ್ ತೆರೆದು, ಕೊನೆಯ ಸಲ ತಿದ್ದಿದ ಹತ್ತು ಜಾಗಗಳನ್ನು ನೋಡಿ, ಆಮೇಲೆಯೇ "ಅಚ್ಚು ಮಾಡಬಹುದು" ಅಂತ ದಿನಾಂಕ ಹಾಕಿ ಇಮೇಲ್ ಕಳಿಸುತ್ತೇನೆ.

## ಹಂತ 11: ನೀವೇ ಪ್ರಕಟಿಸುವುದಾದರೆ

ತಪ್ಪೇನಿಲ್ಲ, ಆದರೆ ಮೇಲಿನ ಹತ್ತೂ ಹಂತ ನಿಮ್ಮ ತಲೆಯ ಮೇಲೆ. ಐಎಸ್‌ಬಿಎನ್ ಉಚಿತ. ದೆಹಲಿಯ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಸಂಸ್ಥೆಯ ಜಾಲತಾಣದಲ್ಲಿ ಲೇಖಕರೇ ಅರ್ಜಿ ಹಾಕಬಹುದು. ಸಂಖ್ಯೆ ಬರಲು ಸಮಯ ಹಿಡಿಯುತ್ತದೆ, ಆದ್ದರಿಂದ ಮುಖಪುಟ ಮಾಡಿಸುವ ಮೊದಲೇ ಹಾಕಿ. ಅಚ್ಚಿನ ಪುಸ್ತಕಕ್ಕೊಂದು, ಇ-ಪುಸ್ತಕಕ್ಕೊಂದು ಸಂಖ್ಯೆ ಬೇಕು.

ಮುದ್ರಣಾಲಯದಲ್ಲಿ ಲೆಕ್ಕ ಫಾರಂನಲ್ಲಿ ನಡೆಯುತ್ತದೆ. ಡೆಮಿ 1/8ರಲ್ಲಿ ಒಂದು ಫಾರಂ ಎಂದರೆ 16 ಪುಟ. 112 ಪುಟಕ್ಕೆ ಸರಿಯಾಗಿ ಏಳು ಫಾರಂ. 114 ಆದರೆ ಎರಡು ಪುಟಕ್ಕಾಗಿ ಇನ್ನೊಂದು ಫಾರಂ ಸುರುವಾಗುತ್ತದೆ, ಉಳಿದದ್ದು ಖಾಲಿ ಕಾಗದ. ಲೇಖಕರ ಅರಿಕೆಯನ್ನು ಎರಡು ಪುಟ ಮೊಟಕು ಮಾಡಿದರೆ ದುಡ್ಡು ಉಳಿಯಿತು, ಓದುವವರಿಗೂ ಉಪಕಾರ. ಒಳಪುಟಕ್ಕೆ 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್ಲಿಥೋ ಕಾಗದ, ಮುಖಪುಟಕ್ಕೆ 300 ಜಿಎಸ್‌ಎಂ ಆರ್ಟ್ ಕಾರ್ಡ್ ಎಂದು ಹೇಳಿ ಮೂರು ಕಡೆ ದರ ಕೇಳಿ. ಹಾಗೆ ಹೇಳದಿದ್ದರೆ ಮೂವರ ದರವೂ ಮೂರು ಬೇರೆ ಪುಸ್ತಕದ್ದಾಗಿರುತ್ತದೆ.

ಸಾವಿರ ಪ್ರತಿ ಹಾಕಿಸಿದರೆ ಪ್ರತಿಯೊಂದರ ಖರ್ಚು ಕಡಿಮೆ ಆಗುತ್ತದೆ ಅಂತ ಹೇಳುತ್ತಾರೆ. ಲೆಕ್ಕ ಸರಿ. ಉಳಿದ ಏಳುನೂರು ನಿಮ್ಮ ಮಂಚದ ಕೆಳಗೆ ಇರುತ್ತವೆ. ಮುನ್ನೂರರಿಂದ ಶುರುಮಾಡಿ.

## ಹಂತ 12: ಪುಸ್ತಕ ಬಂದ ಮೇಲೆ

ಗ್ರಂಥಾಲಯಗಳಿಗೆ ಪುಸ್ತಕ ಒಪ್ಪಿಸುವ 1954ರ ಕಾಯಿದೆಯ ಪ್ರಕಾರ ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸುವುದು ಪ್ರಕಾಶಕರ ಹೊಣೆ. ನೀವೇ ಪ್ರಕಾಶಕರಾದರೆ ನಿಮ್ಮದು. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆ ಸಗಟು ಖರೀದಿಗೆ ಅರ್ಜಿ ಕರೆಯುವುದು ಪ್ರಕಟವಾದ ವರ್ಷದ ಲೆಕ್ಕದಲ್ಲಿ. ಪುಸ್ತಕದ ಮಾಹಿತಿ ಪುಟದಲ್ಲಿ ಮೊದಲ ಮುದ್ರಣದ ವರ್ಷ, ಪುಟಗಳ ಸಂಖ್ಯೆ, ಬೆಲೆ, ಕಾಗದ, ಪ್ರತಿಗಳ ಸಂಖ್ಯೆ ಸರಿಯಾಗಿ ಇರಲಿ. ಅಲ್ಲಿ ಒಂದು ಸಾಲು ಬಿಟ್ಟುಹೋದರೆ ಆಮೇಲೆ ರಬ್ಬರ್ ಸ್ಟ್ಯಾಂಪ್ ಒತ್ತುತ್ತ ಕೂರಬೇಕು.

ಬಂದ ಕಟ್ಟಿನಿಂದ ಒಂದು ಪ್ರತಿ ತೆಗೆದು ಮೇಲೆ "ತಿದ್ದುಪಡಿ ಪ್ರತಿ" ಅಂತ ಬರೆದು ಪಕ್ಕಕ್ಕಿಡಿ. ಅದನ್ನು ಯಾರಿಗೂ ಕೊಡಬೇಡಿ. ಎರಡನೇ ಮುದ್ರಣಕ್ಕೆ ಬೇಕಾದ ತಪ್ಪುಗಳನ್ನೆಲ್ಲ ಅದರಲ್ಲೇ ಗುರುತು ಹಾಕುತ್ತ ಹೋಗಿ. ಮೊದಲನೆಯದು ಸಾಮಾನ್ಯವಾಗಿ ಬಿಡುಗಡೆಯ ದಿನ, ವೇದಿಕೆಯ ಮೇಲೆ ಕೂತು ಸುಮ್ನೆ ಪುಟ ತಿರುಗಿಸುವಾಗ ಸಿಗುತ್ತದೆ. ಜೇಬಿನಲ್ಲಿ ಪೆನ್ನು ಇರಲಿ.